ಪರದೆಯ ಪಡಿಯಚ್ಚು



ಗಣಕದ ಕೀಲಿಮಣೆಯ ಮೇಲ್ಸಾಲಿನ ಬಲತುದಿಯತ್ತ ‘ಪ್ರಿಂಟ್ ಸ್ಕ್ರೀನ್’ ಎಂದು ಬರೆದ ಕೀಲಿಯೊಂದು ಇರುತ್ತದೆ. ಹೆಸರನ್ನು ನಂಬಿ ಅದನ್ನು ಒತ್ತಿದವರಿಗೆ ಇಂದು ಯಾವ ಕಾಗದವೂ ಮುದ್ರಣವಾಗಿ ಕೈಗೆ ಬರುವುದಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿಯ ಕೆಂಪು ಕಟ್ಟಡವನ್ನು ಜನ ಈಗಲೂ ‘ಅಠಾರಾ ಕಚೇರಿ’ ಎನ್ನುತ್ತಾರೆ. ಆದರೆ ಅಲ್ಲಿದ್ದ ಹದಿನೆಂಟು ಇಲಾಖೆಗಳು ಎಂದೋ ಬೇರೆಡೆಗೆ ಹೋದವು, ಈಗ ಅಲ್ಲಿರುವುದು ಉಚ್ಚ ನ್ಯಾಯಾಲಯ. ಸ್ಥಳನಾಮಗಳ ಹಾಗೆಯೇ ಕೀಲಿಗಳ ಹೆಸರುಗಳಲ್ಲಿಯೂ ಹಳೆಯ ಇತಿಹಾಸ ಉಳಿದುಕೊಂಡಿರುತ್ತದೆ. ಆ ಹೆಸರಿನ ಬೆನ್ನು ಹತ್ತಿ ಹೋದರೆ, ಗಣಕದ ಪರದೆಯ ಮೇಲೆ ಕಂಡದ್ದನ್ನು ಉಳಿಸಿಕೊಳ್ಳಲು ಮನುಷ್ಯ ಪಟ್ಟ ಪಾಡಿನ ಕಥೆ ತೆರೆದುಕೊಳ್ಳುತ್ತದೆ. ಈ ಸಲದ ಬರಹಕ್ಕೆ ಆ ಕಥೆಯೇ ವಸ್ತು.

ಚರಿತ್ರೆಯ ಮೇಷ್ಟ್ರಿಗೆ ಸ್ಕ್ರೀನ್‌ಶಾಟಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಾದರೂ ನಗಬಹುದು. ಕಾರಣ ಸರಳವಾಗಿದೆ. ಮದುವೆಯ ಕರೆಯೋಲೆ, ರೈಲಿನ ಟಿಕೆಟ್, ಮಗುವಿನ ಅಂಕಪಟ್ಟಿ, ಹಣ ಸಂದಾಯವಾದ ರಸೀದಿ, ಇಬ್ಬರ ನಡುವಿನ ಜಗಳದ ಸಾಕ್ಷ್ಯ, ಇವೆಲ್ಲವೂ ಇಂದು ನಮಗೆ ಬರುತ್ತಿರುವುದು ಪರದೆಯ ಚಿತ್ರವಾಗಿ. ಮುಂದಿನ ತಲೆಮಾರಿನ ಇತಿಹಾಸಕಾರನಿಗೆ ನಮ್ಮ ಕಾಲದಿಂದ ದೊರೆಯುವ ಆಕರಗಳಲ್ಲಿ ದೊಡ್ಡ ಪಾಲು ಇಂಥವೇ ಆಗಿರುತ್ತವೆ. ಆಕರವೊಂದು ಹೇಗೆ ಹುಟ್ಟಿತು, ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂಬುದನ್ನು ತಿಳಿಯದೆ ಅದನ್ನು ನಂಬಬಾರದೆಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದೆನಲ್ಲ, ಆ ಪಾಠವನ್ನೇ ಇಲ್ಲಿ ಮುಂದುವರಿಸುತ್ತಿದ್ದೇನೆ.

ಮೊದಮೊದಲು ಗಣಕವೇ ತನ್ನ ಪರದೆಯನ್ನು ಚಿತ್ರವಾಗಿ ಉಳಿಸುವ ಸಾಧ್ಯತೆ ಇರಲಿಲ್ಲ. ಪರದೆಯ ಮುಂದೆ ಕ್ಯಾಮೆರಾ ನಿಲ್ಲಿಸಿ ಛಾಯಾಚಿತ್ರ ತೆಗೆಯಬೇಕಾಗಿತ್ತು. ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಎಂಬ ತರುಣ ‘ಸ್ಕೆಚ್‌ಪ್ಯಾಡ್’ ಎಂಬ ಚಿತ್ರರಚನೆಯ ತಂತ್ರಾಂಶವನ್ನು ರೂಪಿಸಿ 1963ರಲ್ಲಿ ಪ್ರಬಂಧ ಸಲ್ಲಿಸಿದ. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಬರೆದ ಆ ಗೆರೆಗಳನ್ನು ಇಂದು ನಾವು ನೋಡಲು ಸಾಧ್ಯವಾಗಿರುವುದು ಆಗ ತೆಗೆದ ಛಾಯಾಚಿತ್ರಗಳು ಮತ್ತು ಚಲನಚಿತ್ರದ ದೆಸೆಯಿಂದ. 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಲೋಕಕ್ಕೆ ತೋರಿಸಿಕೊಟ್ಟ ಪ್ರದರ್ಶನವೂ ಚಿತ್ರೀಕರಣಗೊಂಡಿದ್ದರಿಂದಲೇ ನಮಗೆ ಉಳಿದಿದೆ.

ಈ ಕ್ಯಾಮೆರಾ ವಿಧಾನ ಸುಲಭದ್ದಾಗಿರಲಿಲ್ಲ. ಹಳೆಯ ಟಿ.ವಿ.ಯ ಹಾಗೆ ಉಬ್ಬಿದ ಗಾಜಿನ ಕೊಳವೆಯ ಪರದೆ ಅದು. ಕೋಣೆಯಲ್ಲಿ ದೀಪವಿದ್ದರೆ ಗಾಜಿನಲ್ಲಿ ಅದರ ಪ್ರತಿಬಿಂಬ ಬೀಳುತ್ತಿತ್ತು. ಆದುದರಿಂದ ಕತ್ತಲು ಮಾಡಬೇಕು. ಟಿ.ವಿ. ಮಾದರಿಯ ಪರದೆಗಳಲ್ಲಿ ಚಿತ್ರವನ್ನು ಎಲೆಕ್ಟ್ರಾನ್ ಕಿರಣವು ಸಾಲುಸಾಲಾಗಿ, ಸೆಕೆಂಡಿಗೆ ಐವತ್ತು ಅರವತ್ತು ಸಲ ಬರೆಯುತ್ತಿದ್ದುದರಿಂದ ಕ್ಯಾಮೆರಾದ ಕಣ್ಣು ಅದಕ್ಕಿಂತ ಬೇಗ ಮುಚ್ಚಿಕೊಂಡರೆ ಅರ್ಧ ಪರದೆ ಮಾತ್ರ ಬೆಳಗಿ ಉಳಿದರ್ಧ ಕಪ್ಪಾಗುತ್ತಿತ್ತು. ನೇರ ಗೆರೆಗಳು ಅಂಚಿನಲ್ಲಿ ಬಾಗಿದಂತೆ ಕಾಣುತ್ತಿದ್ದವು. ಎಂಬತ್ತರ ದಶಕದ ಗಣಕ ಪತ್ರಿಕೆಗಳಲ್ಲಿ ಅಚ್ಚಾದ ಎಷ್ಟೋ ಪರದೆಗಳ ಚಿತ್ರಗಳು ಹೀಗೆ ತೆಗೆದವುಗಳೇ. ‘ಶಾಟ್’ ಎಂಬ ಮಾತು ಈಗಲೂ ಕ್ಯಾಮೆರಾದ ನೆನಪನ್ನು ತರುವುದು ಸಹಜವೇ ಆಗಿದೆ.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಿತು. ಅದರ ಕೀಲಿಮಣೆಯಲ್ಲಿ 83 ಕೀಲಿಗಳಿದ್ದವು. ಅವುಗಳಲ್ಲಿ ನಕ್ಷತ್ರ ಚಿಹ್ನೆಯ ಕೀಲಿಯ ಮೇಲೆಯೇ ‘ಪಿಆರ್‌ಟಿಎಸ್‌ಸಿ’ ಎಂಬ ಅಕ್ಷರಗಳೂ ಇದ್ದವು. ಶಿಫ್ಟ್ ಹಿಡಿದು ಅದನ್ನು ಒತ್ತಿದರೆ ಪರದೆಯ ಮೇಲಿರುವ ಬರಹವೆಲ್ಲ ಪ್ರಿಂಟರಿಗೆ ಹೋಗಿ, ಟರ್ ಟರ್ ಎಂದು ಸದ್ದು ಮಾಡುತ್ತ ಕಾಗದದ ಮೇಲೆ ಮೂಡುತ್ತಿತ್ತು. ಕೀಲಿಯ ಹೆಸರು ಆಗ ಅಕ್ಷರಶಃ ಸತ್ಯವಾಗಿತ್ತು.

ಆದರೆ ಆ ಕೀಲಿ ಕಳುಹಿಸುತ್ತಿದ್ದುದು ಚಿತ್ರವನ್ನಲ್ಲ, ಅಕ್ಷರಗಳನ್ನು. ಪರದೆಯಲ್ಲಿ ಒಂದು ಸಾಲಿಗೆ 80ರಂತೆ 25 ಸಾಲು, ಅಂದರೆ 2,000 ಅಕ್ಷರಸ್ಥಾನಗಳು. ಅವುಗಳನ್ನು ಒಂದೊಂದಾಗಿ ಓದಿ ಪ್ರಿಂಟರಿಗೆ ದಾಟಿಸುವುದಷ್ಟೇ ಆ ವ್ಯವಸ್ಥೆಯ ಕೆಲಸ. ಪರದೆಯ ಮೇಲೆ ವೃತ್ತವನ್ನೋ ನಕ್ಷೆಯನ್ನೋ ಬಿಡಿಸಿದ್ದರೆ ಆ ಜಾಗ ಕಾಗದದಲ್ಲಿ ಖಾಲಿಯಾಗಿ ಉಳಿಯುತ್ತಿತ್ತು. 1983ರಲ್ಲಿ ಬಂದ ಡಾಸ್‌ನ ಎರಡನೆಯ ಆವೃತ್ತಿಯೊಂದಿಗೆ ‘ಗ್ರಾಫಿಕ್ಸ್’ ಎಂಬ ಪುಟ್ಟ ತಂತ್ರಾಂಶವನ್ನು ಕೊಟ್ಟ ಮೇಲೆಯೇ, ಅದನ್ನು ಮೊದಲು ಓಡಿಸಿದವರಿಗೆ, ಚಿತ್ರಗಳನ್ನೂ ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು.

ಇದರೊಂದಿಗೆ ಸೇರಿಕೊಂಡ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಗಣಕದ ಸಂಸ್ಕಾರಕದಲ್ಲಿ ‘ಇಂಟರಪ್ಟ್’ ಎಂಬ ಕ್ರಮಾಂಕಿತ ಕರೆಗಂಟೆಗಳಿರುತ್ತವೆ. ಶಾಲೆಯಲ್ಲಿ ಒಂದು ಗಂಟೆಗೆ ಪ್ರಾರ್ಥನೆ, ಮತ್ತೊಂದು ಗಂಟೆಗೆ ಊಟ ಎಂಬ ಹಾಗೆ. ಮೊದಲ 32 ಕ್ರಮಾಂಕಗಳನ್ನು ತನ್ನ ಮುಂದಿನ ಬಳಕೆಗೆಂದು ಇಂಟೆಲ್ ಕಾಯ್ದಿರಿಸಿತ್ತು. ಐಬಿಎಂ ಅವುಗಳಲ್ಲಿ 5ನೆಯದನ್ನು ಪ್ರಿಂಟ್ ಸ್ಕ್ರೀನ್‌ಗೆ ಬಳಸಿಕೊಂಡಿತು. 1982ರಲ್ಲಿ ಇಂಟೆಲ್ ಹೊರತಂದ 80186 ಸಂಸ್ಕಾರಕದಲ್ಲಿ ಅದೇ 5ನೆಯ ಗಂಟೆಗೆ ಬೇರೆ ಅರ್ಥ ಬಂದಿತು: ಲೆಕ್ಕವೊಂದು ತನ್ನ ಎಲ್ಲೆಯನ್ನು ಮೀರಿದೆ ಎಂಬ ಎಚ್ಚರಿಕೆ. ಹೀಗಾಗಿ ಆ ಬಗೆಯ ತಪ್ಪು ಸಂಭವಿಸಿದಾಗ ಎಚ್ಚರಿಕೆಯ ಬದಲು ಪರದೆಯನ್ನು ಮುದ್ರಿಸಲು ಹೊರಡುವ ವಿಚಿತ್ರ ಪರಿಸ್ಥಿತಿ ಐಬಿಎಂ ಮಾದರಿಯ ಗಣಕಗಳಲ್ಲಿ ಹುಟ್ಟಿಕೊಂಡಿತು. ಕಾಯ್ದಿರಿಸಿದ ಆಸನದಲ್ಲಿ ಕುಳಿತರೆ ಮುಂದೆ ಎಂದಾದರೂ ಟಿಕೆಟ್ ಇರುವವನು ಬಂದೇ ಬರುತ್ತಾನೆ!

ಐಬಿಎಂನವರು ಪರದೆಯನ್ನು ಕಾಗದಕ್ಕೆ ಕಳುಹಿಸುತ್ತಿದ್ದಾಗ ಆಪಲ್ ಸಂಸ್ಥೆ ಮತ್ತೊಂದು ದಾರಿ ಹಿಡಿಯಿತು. 1984ರ ಜನವರಿ 24ರಂದು ಬಂದ ಮ್ಯಾಕಿಂಟಾಷ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು 3 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಚಿತ್ರವು ಡಿಸ್ಕಿನ ಮೇಲೆ ಮ್ಯಾಕ್‌ಪೇಂಟ್ ಕಡತವಾಗಿ ಉಳಿಯುತ್ತಿತ್ತು. ಪರದೆ ಬರಿಯ ಕಪ್ಪು ಬಿಳುಪು. ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿಗಳು. ಒಂದು ಚುಕ್ಕಿಗೆ ಒಂದು ಬಿಟ್ ಎಂದರೆ ಇಡೀ ಪರದೆಗೆ 21,888 ಬೈಟ್‌ಗಳು ಸಾಕು. ಕಡತಗಳಿಗೆ ‘ಸ್ಕ್ರೀನ್ 0’ ಎಂಬಲ್ಲಿಂದ ‘ಸ್ಕ್ರೀನ್ 9’ರ ತನಕ ಹೆಸರು ಬೀಳುತ್ತಿತ್ತು; ಹತ್ತು ತುಂಬಿದ ಮೇಲೆ ಹಳೆಯದನ್ನು ತೆಗೆಯದೆ ಹೊಸದಕ್ಕೆ ಜಾಗವಿರಲಿಲ್ಲ. ಕಮಾಂಡ್, ಶಿಫ್ಟ್, 4 ಒತ್ತಿದರೆ ಎದುರಿಗಿರುವ ಕಿಟಕಿ ಪ್ರಿಂಟರಿಗೆ ಹೋಗುತ್ತಿತ್ತು.

ಎಣಿಕೆ 3ರಿಂದ ಏಕೆ ಆರಂಭವಾಯಿತು ಎಂದು ಎಂದಾದರೂ ಯೋಚಿಸಿದ್ದೀರಾ? ಆ ಗಣಕದಲ್ಲಿ 1 ಮತ್ತು 2 ಮೊದಲೇ ಬೇರೆ ಕೆಲಸಕ್ಕೆ ನಿಯುಕ್ತವಾಗಿದ್ದವು. ಕಮಾಂಡ್, ಶಿಫ್ಟ್, 1 ಎಂದರೆ ಒಳಗಿನ ಫ್ಲಾಪಿಯನ್ನು ಹೊರಗೆ ಹಾಕು. 2 ಎಂದರೆ ಪಕ್ಕದಲ್ಲಿ ಜೋಡಿಸಿದ ಡ್ರೈವಿನ ಫ್ಲಾಪಿಯನ್ನು ಹೊರಗೆ ಹಾಕು. ಮ್ಯಾಕ್ ಗಣಕಗಳಿಂದ ಫ್ಲಾಪಿ ಮರೆಯಾಗಿ ಕಾಲವಾಯಿತು. ಆದರೂ ಇಂದಿನ ಮ್ಯಾಕ್‌ನಲ್ಲಿ ಇಡೀ ಪರದೆಗೆ 3, ಬೇಕಾದ ಭಾಗಕ್ಕೆ 4 ಎಂಬ ಸಂಖ್ಯೆಗಳೇ ನಡೆಯುತ್ತಿವೆ. 2018ರ ‘ಮೊಹಾವೆ’ ಆವೃತ್ತಿಯಲ್ಲಿ 5 ಎಂಬುದೊಂದು ಸೇರಿಕೊಂಡು, ಚಿತ್ರದ ಜೊತೆಗೆ ಪರದೆಯ ಚಲನೆಯನ್ನೂ ದಾಖಲಿಸುವ ಅನುಕೂಲ ಒಂದೆಡೆ ಬಂದಿತು. ಕೀಲಿಯ ಹೆಸರಿನಲ್ಲಿ ಪ್ರಿಂಟರು ಉಳಿದ ಹಾಗೆ, ಇಲ್ಲಿ ಎಣಿಕೆಯಲ್ಲಿ ಫ್ಲಾಪಿ ಉಳಿದುಕೊಂಡಿದೆ.

ಮೂರನೆಯ ದಾರಿ ವಿಶ್ವವಿದ್ಯಾಲಯಗಳದು. ಯುನಿಕ್ಸ್ ಗಣಕಗಳಿಗಾಗಿ ಎಂಐಟಿಯಲ್ಲಿ 1984ರಲ್ಲಿ ‘ಎಕ್ಸ್ ವಿಂಡೋ’ ವ್ಯವಸ್ಥೆ ಹುಟ್ಟಿತು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು. ಅದರ ಜೊತೆಗೆ ‘ಎಕ್ಸ್‌ಡಬ್ಲ್ಯುಡಿ’ ಎಂಬ ಆದೇಶವನ್ನು ಕೊಟ್ಟಿದ್ದರು. ಎಕ್ಸ್ ಕಿಟಕಿಯನ್ನು ಸುರಿದುಬಿಡು ಎಂದು ಅದರ ಅರ್ಥ. ಆದೇಶ ಟೈಪು ಮಾಡಿ, ಬೇಕಾದ ಕಿಟಕಿಯ ಮೇಲೆ ಮೌಸನ್ನು ಒತ್ತಿದರೆ ಗಣಕ ಒಮ್ಮೆ ಗಂಟೆ ಹೊಡೆದು ಕೆಲಸ ಆರಂಭಿಸುತ್ತಿತ್ತು; ಮುಗಿದಾಗ ಎರಡು ಸಲ ಹೊಡೆಯುತ್ತಿತ್ತು. ಹೀಗೆ ಉಳಿಸಿದ್ದನ್ನು ಮತ್ತೆ ಪರದೆಗೆ ತರಲು ಒಂದು ಆದೇಶ, ಮುದ್ರಣಕ್ಕೆ ಹೊಂದಿಸಲು ಇನ್ನೊಂದು. ಒಂದೊಂದು ಉಪಕರಣ ಒಂದೊಂದೇ ಕೆಲಸವನ್ನು ಮಾಡಬೇಕು, ಒಂದರ ಫಲವನ್ನು ಮತ್ತೊಂದು ಕೈಗೆತ್ತಿಕೊಳ್ಳಬೇಕು ಎಂಬುದು ಯುನಿಕ್ಸ್ ಜನರ ಧರ್ಮ. ಲಿನಕ್ಸ್ ಬಳಸುವ ನಮ್ಮ ಹುಡುಗರು ಮುಂದೆ ಇಮೇಜ್‌ಮ್ಯಾಜಿಕ್, ಗಿಂಪ್, ಕೆಸ್ನ್ಯಾಪ್‌ಶಾಟ್ ಮುಂತಾದ ಸಲಕರಣೆಗಳಿಂದ ಈ ಕೆಲಸವನ್ನು ಮಾಡಿದರು.

ಈ ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಗಣಕದ ಮುಂದೆ ಕುಳಿತವನು ಯಾರೆಂದು ಅದನ್ನು ಕಟ್ಟಿದವರು ಭಾವಿಸಿದ್ದರು ಎಂಬುದು ಸ್ಪಷ್ಟವಾಗುತ್ತದೆ. ಐಬಿಎಂಗೆ ಅವನು ಕಾಗದದ ಪ್ರತಿ ಬೇಕಾದ ಕಚೇರಿಯ ಗುಮಾಸ್ತ. ಆಪಲ್‌ಗೆ ಅವನು ಚಿತ್ರವನ್ನು ತಿದ್ದಿ ಬಳಸುವ ಕಲಾವಿದ. ಎಂಐಟಿಯವರಿಗೆ ಅವನು ತಮ್ಮಂತೆಯೇ ಆದೇಶಗಳನ್ನು ಹೆಣೆಯಬಲ್ಲ ತಂತ್ರಜ್ಞ. ಯಂತ್ರದಲ್ಲಿ ಯಂತ್ರವನ್ನು ಮಾಡಿದವನ ಲೋಕದೃಷ್ಟಿ ಅಡಗಿರುತ್ತದೆ.

ನಮ್ಮ ದೇಶದಲ್ಲಿ ಬಹುಪಾಲು ಜನ ಕಂಡದ್ದು ನಾಲ್ಕನೆಯ ದಾರಿಯನ್ನು; ಅದು ಮೈಕ್ರೋಸಾಫ್ಟ್‌ನ ವಿಂಡೋಸ್. 1990ರ ವಿಂಡೋಸ್ 3.0ರಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿ ಪ್ರಿಂಟರನ್ನು ಬಿಟ್ಟು ‘ಕ್ಲಿಪ್‌ಬೋರ್ಡ್’ ಎಂಬ ತಾತ್ಕಾಲಿಕ ಜಾಗಕ್ಕೆ ಚಿತ್ರವನ್ನು ಕಳುಹಿಸುತ್ತಿತ್ತು. ಆಲ್ಟ್ ಕೀಲಿಯೊಡನೆ ಒತ್ತಿದರೆ ಎದುರಿನ ಕಿಟಕಿಯಷ್ಟೇ ಹೋಗುತ್ತಿತ್ತು. ಒತ್ತಿದಾಗ ಸದ್ದಿಲ್ಲ, ಸೂಚನೆಯಿಲ್ಲ. ಕಣ್ಣಿಗೆ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ಪೇಂಟ್ ತೆರೆದು, ಅಂಟಿಸಿ, ಹೆಸರು ಕೊಟ್ಟು ಉಳಿಸಬೇಕು. ಅಷ್ಟರೊಳಗೆ ಇನ್ನೇನನ್ನಾದರೂ ನಕಲಿಸಿದರೆ ಮೊದಲಿನದು ಹೋಯಿತು. ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನು ಮುಂದಿನ ಪಿರಿಯಡ್ಡಿನ ಮೇಷ್ಟ್ರು ಒರೆಸಿದ ಹಾಗೆ. 2000ದ ಆಸುಪಾಸಿನಲ್ಲಿ ನಮ್ಮ ಶಾಲೆಗೆ ಗಣಕಗಳು ಬಂದಾಗ ಈ ನಾಲ್ಕು ಹೆಜ್ಜೆಗಳನ್ನು ಹತ್ತನೆಯ ತರಗತಿಯ ಹೆಣ್ಣುಮಕ್ಕಳು ನಮಗಿಂತ ಬೇಗ ಕಲಿತು, ಶಿಕ್ಷಕರ ಕೊಠಡಿಗೆ ಬಂದು ತೋರಿಸಿಕೊಟ್ಟಿದ್ದರು. ಅವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು.

ಪೇಂಟ್ ಆಗ ಚಿತ್ರಗಳನ್ನು ಬಿಎಂಪಿ ಎಂಬ ಮಾದರಿಯಲ್ಲಿ ಉಳಿಸುತ್ತಿತ್ತು. ಅದರಲ್ಲಿ ಸಂಕೋಚನವಿಲ್ಲ, ಪ್ರತಿಯೊಂದು ಚುಕ್ಕಿಗೂ ಅದರ ಬಣ್ಣವನ್ನು ಬರೆದಿಡುತ್ತದೆ. ನಮ್ಮ ಹಳೆಯ ಗಣಿತವನ್ನು ಸ್ವಲ್ಪ ಬಳಸೋಣ. 640 × 480 ಚುಕ್ಕಿಗಳ ಪರದೆ, ಚುಕ್ಕಿಗೆ 3 ಬೈಟ್: 9,21,600 ಬೈಟ್. 800 × 600ರ ಪರದೆಗೆ 14,40,000 ಬೈಟ್. ಆ ಕಾಲದ ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಕಡತಗಳಿಗೆ ದೊರೆಯುತ್ತಿದ್ದ ಜಾಗ 14,57,664 ಬೈಟ್. ಅಂದರೆ ಒಂದೇ ಒಂದು ಪರದೆಯ ಚಿತ್ರ ಹಿಡಿದು, ಅಂಚಿನಲ್ಲಿ ಎಳ್ಳಷ್ಟು ಜಾಗ ಉಳಿಯುತ್ತಿತ್ತು. 1024 × 768ರ ಪರದೆಯಾದರೆ 23,59,296 ಬೈಟ್. ಫ್ಲಾಪಿಗೆ ಹಿಡಿಯುವುದೇ ಇಲ್ಲ. ಪರದೆಯನ್ನು ಉಳಿಸುವುದೆಂದರೆ ಆಗ ಜಾಗದ ಪ್ರಶ್ನೆಯೂ ಆಗಿತ್ತು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಈ ಭಾರವನ್ನು ಇಳಿಸಲು ಸಂಕೋಚನದ ಮಾದರಿಗಳು ಬಂದವು. ಹಾಜರಿ ಪುಸ್ತಕದಲ್ಲಿ ನಲವತ್ತು ಮಕ್ಕಳ ಮುಂದೆಯೂ ‘ಹಾಜರು’ ಎಂದು ಬರೆಯುವ ಬದಲು ‘ಎಲ್ಲರೂ ಹಾಜರು’ ಎಂದು ಒಮ್ಮೆ ಬರೆದರೆ ಸಾಲದೇ? ಪರದೆಯ ಬಿಳಿಯ ಹಿನ್ನೆಲೆಗೂ ಅದೇ ಉಪಾಯ ಸಲ್ಲುತ್ತದೆ. ಕಾಂಪ್ಯುಸರ್ವ್ ಸಂಸ್ಥೆ 1987ರಲ್ಲಿ ತಂದ ‘ಜಿಫ್’ ಈ ಬಗೆಯದು. ಆದರೆ ಅದರಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿ. ಮೇಲಾಗಿ ಅದರೊಳಗಿನ ಸಂಕೋಚನ ವಿಧಾನಕ್ಕೆ ಯುನಿಸಿಸ್ ಸಂಸ್ಥೆಯ ಪೇಟೆಂಟ್ ಇತ್ತು. ಅದನ್ನು ಬಳಸುವ ತಂತ್ರಾಂಶಗಳಿಂದ ಹಣ ಕೇಳಲಾಗುವುದೆಂಬ ಪ್ರಕಟಣೆ 1994ರ ಡಿಸೆಂಬರಿನಲ್ಲಿ ಹೊರಟಿತು. ಮರುತಿಂಗಳೇ ಸ್ವಯಂಪ್ರೇರಿತ ತಂತ್ರಜ್ಞರು ಒಂದುಗೂಡಿ, ಯಾರಿಗೂ ಹಣ ತೆರಬೇಕಿಲ್ಲದ ಹೊಸ ಮಾದರಿಯನ್ನು ರೂಪಿಸತೊಡಗಿದರು. ಅದೇ ‘ಪಿಎನ್‌ಜಿ’; 1996ರ ಅಕ್ಟೋಬರಿನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತವಾಯಿತು. ಅದರಲ್ಲಿ ಬಣ್ಣಗಳಿಗೆ ಕೊರತೆಯಿಲ್ಲ, ಒಂದು ಚುಕ್ಕಿಯೂ ಕಳೆದುಹೋಗುವುದಿಲ್ಲ. ಮ್ಯಾಕ್ 2005ರಿಂದ ಪರದೆಯ ಚಿತ್ರಗಳನ್ನು ಪಿಎನ್‌ಜಿ ಆಗಿಯೇ ಉಳಿಸುತ್ತ ಬಂದಿತು. 2012ರ ವಿಂಡೋಸ್ 8ರಲ್ಲಿ ವಿಂಡೋಸ್ ಕೀಲಿಯೊಡನೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ‘ಪಿಕ್ಚರ್ಸ್’ ಒಳಗಿನ ‘ಸ್ಕ್ರೀನ್‌ಶಾಟ್ಸ್’ ಎಂಬಲ್ಲಿ ಪಿಎನ್‌ಜಿ ಕಡತವೊಂದು ತಾನಾಗಿ ಬಂದು ಕೂರುವ ವ್ಯವಸ್ಥೆಯಾಯಿತು. ಮ್ಯಾಕ್ 1984ರಲ್ಲಿ ಮಾಡಿದ್ದನ್ನು ವಿಂಡೋಸ್ ಮಾಡುವ ಹೊತ್ತಿಗೆ 28 ವರ್ಷ ಕಳೆದಿತ್ತು.

ಜೆಪೆಗ್ ಎಂಬ ಇನ್ನೊಂದು ಮಾದರಿ ಇದೆಯಲ್ಲ, ಅದು ಹುಟ್ಟಿದ್ದು ಛಾಯಾಚಿತ್ರಗಳಿಗಾಗಿ. ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಅದು ಕೈಬಿಡುತ್ತದೆ. ಮುಖದ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಅಕ್ಷರಗಳ ಚೂಪಾದ ಅಂಚಿಗೆ ಬಾಧಕವುಂಟು. ಅಕ್ಷರದ ಸುತ್ತ ಧೂಳು ಕವಿದಂತೆ ಕಾಣುತ್ತದೆ. ಕನ್ನಡದ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳು ಚಿಕ್ಕ ಗಾತ್ರದಲ್ಲಿ ಮೊದಲು ಕೆಡುವುವು. ಆದುದರಿಂದ ಬರಹವಿರುವ ಪರದೆಯನ್ನು ಪಿಎನ್‌ಜಿಯಾಗಿ ಉಳಿಸುವುದೇ ಲೇಸು.

ಕನ್ನಡದ ಮಾತು ಬಂದಿತಾದ್ದರಿಂದ ಇನ್ನೊಂದು ಸಂಗತಿ. ಡಾಸ್ ಕಾಲದ ಐಬಿಎಂ ಗಣಕದ ಅಕ್ಷರಪಟ್ಟಿಯಲ್ಲಿದ್ದುದು 256 ಚಿಹ್ನೆಗಳು. ಅವುಗಳಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿದ್ದರೂ ಅದು ಮನೆಮನೆಯ ಗಣಕವನ್ನು ಮುಟ್ಟುವುದಕ್ಕೆ 2001ರ ವಿಂಡೋಸ್ ಎಕ್ಸ್‌ಪಿ, ಅದರೊಳಗಿನ ‘ತುಂಗಾ’ ಅಕ್ಷರಶೈಲಿ ಬರಬೇಕಾಯಿತು. ಅದಕ್ಕೂ ಮೊದಲು ಮತ್ತು ಆಮೇಲೆಯೂ ಕೆಲವು ವರ್ಷ, ಬರಹ, ನುಡಿ ಮುಂತಾದ ತಂತ್ರಾಂಶಗಳ ತಂತಮ್ಮ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು, ಅದೇ ಶೈಲಿ ಇಲ್ಲದ ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಆಗ ಪರದೇಶದ ಮಗನಿಗೆ ಕನ್ನಡದಲ್ಲಿ ಪತ್ರ ಕಳುಹಿಸಬೇಕಾದವರಿಗೆ ಒಂದು ಸುಲಭದ ಉಪಾಯವೆಂದರೆ ಪರದೆಯ ಚಿತ್ರ ತೆಗೆದು ಚಿತ್ರವನ್ನೇ ಕಳುಹಿಸುವುದು. ‘ನಿನ್ನಲ್ಲಿ ಅಕ್ಷರಶೈಲಿ ಇದೆಯೇ’ ಎಂದು ಚಿತ್ರ ಕೇಳುವುದಿಲ್ಲ. ಆದರೆ ಈ ಉಪಕಾರಕ್ಕೆ ಬೆಲೆಯೂ ಉಂಟು. ಚಿತ್ರದೊಳಗಿನ ಮಾತನ್ನು ನೇರವಾಗಿ ಹುಡುಕಲಾಗದು, ತಿದ್ದಲಾಗದು. ಕಣ್ಣಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಚಿತ್ರವೇ ಹೊರತು ಬರಹವಲ್ಲ. ಯುನಿಕೋಡ್ ಎಲ್ಲೆಡೆ ಇರುವ ಈ ದಿನಗಳಲ್ಲಿಯೂ ಕನ್ನಡದ ಲೇಖನಗಳನ್ನು ಚಿತ್ರವಾಗಿ ಹಂಚುವ ಅಭ್ಯಾಸ ನಮ್ಮಲ್ಲಿ ಉಳಿದಿದೆ. ಅದು ಬಿಟ್ಟುಹೋದರೆ ಒಳ್ಳೆಯದು.

ಮೊಬೈಲಿನ ಚರಿತ್ರೆ ಚಿಕ್ಕದು. 2007ರ ಮೊದಲ ಐಫೋನಿನಲ್ಲಿ ಪರದೆಯ ಚಿತ್ರ ತೆಗೆಯುವ ಅನುಕೂಲವನ್ನು ಬಳಕೆದಾರರಿಗೆ ಕೊಟ್ಟಿರಲಿಲ್ಲ. 2008ರ ಎರಡನೆಯ ಆವೃತ್ತಿಯ ತಂತ್ರಾಂಶದಲ್ಲಿ ಅದು ಬಂದಿತು. ಆಂಡ್ರಾಯ್ಡ್‌ನಲ್ಲಿ ಎಲ್ಲರಿಗೂ ದೊರೆತದ್ದು 2011ರ 4.0 ಆವೃತ್ತಿಯಲ್ಲಿ, ಪವರ್ ಗುಂಡಿಯನ್ನೂ ಧ್ವನಿ ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತುವುದರ ಮೂಲಕ. ಅದಕ್ಕೆ ಮೊದಲು ಸಾಮಾನ್ಯವಾಗಿ ಫೋನನ್ನು ಕೇಬಲ್ಲಿನಿಂದ ಗಣಕಕ್ಕೆ ಜೋಡಿಸಿ, ತಂತ್ರಾಂಶ ರಚಿಸುವವರ ಸಲಕರಣೆಗಳನ್ನು ಬಳಸಬೇಕಾಗಿತ್ತು. ತಜ್ಞರ ಕೈಯಲ್ಲಿದ್ದ ಕೆಲಸ ಹೀಗೆ ಎಲ್ಲರ ಹೆಬ್ಬೆರಳಿಗೆ ಇಳಿಯಿತು.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು ಅಕ್ಷರಗಳ ಗುಳಿಗೆ ಕೂರಿಸಿ, ಮೇಲೆ ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳ ಹಿಂದಿದ್ದುದು ಊರೂರು ಸುತ್ತಿ ಶಾಸನಗಳನ್ನು ನಕಲು ಮಾಡಿದ ಇಂಥ ದುಡಿಮೆ. ಕಲ್ಲು ಆಮೇಲೆ ಒಡೆದುಹೋದರೂ ಅಚ್ಚು ಉಳಿಯುತ್ತದೆ. ಆದರೆ ಕಲ್ಲಿನ ಯಾವ ಮುಖದ ಅಚ್ಚು ತೆಗೆದರೋ ಅಷ್ಟೇ ಸಿಗುತ್ತದೆ. ನೆಲದಲ್ಲಿ ಹೂತ ಸಾಲುಗಳು ಸಿಗುವುದಿಲ್ಲ. ಪರದೆಯ ಚಿತ್ರವೂ ಹಾಗೆಯೇ. ತಾಣಗಳು ಮುಚ್ಚಿಹೋಗುತ್ತವೆ: ಜಿಯೋಸಿಟೀಸ್ 2009ರಲ್ಲಿ ಹೋಯಿತು, ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಹೋಯಿತು. ಅಂಥ ತಾಣಗಳಲ್ಲಿದ್ದುದು ಹಲವರ ಪಾಲಿಗೆ ಯಾರೋ ಒಮ್ಮೆ ತೆಗೆದಿಟ್ಟ ಪರದೆಯ ಚಿತ್ರಗಳಲ್ಲಷ್ಟೇ ಉಳಿದಿದೆ.

ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ, ಅವರ ವಿದ್ಯಾರ್ಥಿಗಳು ಒಂದು ತಾಣದಲ್ಲಿ ಸೇರಿ ನೆನಪುಗಳನ್ನು ಬರೆದಿದ್ದರು. ಕೆಲವು ವರ್ಷಗಳ ಮೇಲೆ ಆ ತಾಣ ನಿಂತುಹೋಯಿತು. ಇತ್ತೀಚೆಗೆ ಅವರ ಶ್ರೀಮತಿಯವರು ಆ ಬರಹಗಳನ್ನು ಓದಬೇಕೆಂದು ಕೇಳಿದಾಗ, ವಿಚಾರಿಸಿದ ಹತ್ತಾರು ಮಂದಿಯ ಪೈಕಿ ಒಬ್ಬನ ಬಳಿ ಮಾತ್ರ ಪರದೆಯ ಒಂದು ಚಿತ್ರ ಸಿಕ್ಕಿತು. ಅದನ್ನು ದೊಡ್ಡದಾಗಿ ಮುದ್ರಿಸಿ ಅವರಿಗೆ ಓದಿ ಹೇಳಿದೆ. ಆರು ಬರಹಗಳು ಪೂರ್ತಿ ಇವೆ. ಏಳನೆಯದು ಮೊದಲ ಸಾಲಿಗೇ ಪರದೆಯ ಕೆಳಗಿನ ಅಂಚು ಬಂದು ನಿಂತಿದೆ: ‘ಮೇಷ್ಟ್ರು ಒಂದು ಸಲ ನನ್ನ ಪರೀಕ್ಷೆಯ ಶುಲ್ಕವನ್ನು’ ಎಂಬಲ್ಲಿಗೆ. ಬಲಬದಿಯ ಸರಿಸುಪಟ್ಟಿಯಲ್ಲಿನ ಗುರುತು ಬಹಳ ಸಣ್ಣದಾಗಿ, ಮೇಲ್ತುದಿಯಲ್ಲಿದೆ. ಕೆಳಗೆ ಇನ್ನೂ ಎಷ್ಟೋ ಬರಹಗಳಿದ್ದವು ಎಂಬುದಕ್ಕೆ ಅದೊಂದೇ ಸಾಕ್ಷಿ. ಅವರು ಆ ಗುರುತನ್ನು ಬೆರಳಿನಿಂದ ಮುಟ್ಟಿ, ‘ಇಷ್ಟೊಂದು ಮಕ್ಕಳು ಬರೆದಿದ್ದರೇ?’ ಎಂದು ಕೇಳಿದರು. ಚಿತ್ರ ತೆಗೆದ ಹುಡುಗನಿಗೆ ನಾವು ಋಣಿಗಳು. ಅವನಿಲ್ಲದಿದ್ದರೆ ಆ ಆರು ಕೂಡ ಇರುತ್ತಿರಲಿಲ್ಲ.

ಉಳಿದದ್ದನ್ನೆಲ್ಲ ನಂಬಬಹುದೇ ಎಂಬುದು ಮುಂದಿನ ಪ್ರಶ್ನೆ. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದ್ದು, ರೈಸ್ ಅದನ್ನು ಒಪ್ಪದೆ ಹೋದದ್ದು ನಿಮಗೆ ಪಾಠದಲ್ಲಿ ಹೇಳಿದ್ದೆ. ಕೂಟಶಾಸನ ಮಾಡುವವನಿಗೆ ತಾಮ್ರ ಬೇಕು, ಉಳಿ ಬೇಕು, ಹಳಗನ್ನಡ ಬೇಕು. ಕೂಟಚಿತ್ರಕ್ಕೆ ಅವು ಯಾವುವೂ ಬೇಡ. ಬ್ರೌಸರಿನಲ್ಲಿಯೇ ಇರುವ ಪರಿಶೀಲನಾ ಸಲಕರಣೆಯಿಂದ ಪುಟದ ಮೇಲಿನ ಮಾತನ್ನೋ ಮೊತ್ತವನ್ನೋ ಬದಲಿಸಿ, ಆಮೇಲೆ ಪರದೆಯ ಚಿತ್ರ ತೆಗೆದರೆ ಚಿತ್ರದಲ್ಲಿ ತಿದ್ದಿದ ಗುರುತೇ ಇರುವುದಿಲ್ಲ. ಏಕೆಂದರೆ ತಿದ್ದಿರುವುದು ಚಿತ್ರವನ್ನಲ್ಲ. ಹಣ ಕಳುಹಿಸಿದ್ದೇನೆಂದು ಸುಳ್ಳು ಚಿತ್ರ ತೋರಿಸಿ ಅಂಗಡಿಯವರಿಗೆ ಮೋಸ ಮಾಡುವವರಿದ್ದಾರೆ. ಶಾಸನದಲ್ಲಿ ಸಾಮಾನ್ಯವಾಗಿ ಕಾಲ, ಕೊಟ್ಟವನ ಹೆಸರು, ಎಷ್ಟೋ ಸಲ ಬರೆದವನ ಹೆಸರು, ಕೊನೆಗೆ ಅಳುಪಿದವನಿಗೆ ಶಾಪ ಇರುತ್ತವೆ. ಪರದೆಯ ಚಿತ್ರ ಇವು ಯಾವುದನ್ನೂ ಹೊತ್ತು ಬರಬೇಕೆಂಬ ನಿಯಮವಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಎಚ್ಚರದಿಂದಿವೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಎಂಬ ಕಲಮು ಸೇರಿ, ಗಣಕದ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಇರಬೇಕೆಂದಾಯಿತು. ಅನ್ವರ್ ಪ್ರಕರಣದಲ್ಲಿ 2014ರಲ್ಲಿಯೂ, ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ 2020ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಮೂಲ ಸಾಧನವನ್ನೇ ಅದರ ಒಡೆಯ ಹಾಜರುಪಡಿಸಿ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲವೆಂದೂ ಎರಡನೆಯ ತೀರ್ಪು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಈ ನಿಯಮ 63ನೆಯ ಕಲಮಿನಲ್ಲಿದೆ. ಆದುದರಿಂದ ಮಹತ್ವದ ವ್ಯವಹಾರದಲ್ಲಿ ಚಿತ್ರವಿದೆಯೆಂದು ಮೂಲ ಸಂದೇಶವನ್ನು ಅಳಿಸಬೇಡಿ.

ತೋರಬಾರದ್ದನ್ನು ತೋರುವ ಅಪಾಯವೂ ಉಂಟು. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಪರದೆಯ ಚಿತ್ರವನ್ನು ಕತ್ತರಿಸಿ ಉಳಿಸಿದರೂ, ಕತ್ತರಿಸಿದ ಭಾಗದ ಮಾಹಿತಿ ಕಡತದ ಬಾಲದಲ್ಲಿ ಉಳಿದುಬಿಡುತ್ತಿತ್ತೆಂದು 2023ರ ಮಾರ್ಚಿನಲ್ಲಿ ಇಬ್ಬರು ಸಂಶೋಧಕರು ಬಯಲಿಗೆಳೆದರು; ವಿಂಡೋಸ್‌ನ ಸ್ನಿಪ್ಪಿಂಗ್ ಸಲಕರಣೆಯಲ್ಲಿಯೂ ಅಂಥದೇ ದೋಷ ಕಂಡುಬಂದಿತು. ತಂತ್ರಾಂಶಗಳನ್ನು ಸರಿಪಡಿಸಿದರೂ ಮೊದಲೇ ಹಂಚಿದ ಚಿತ್ರಗಳನ್ನು ಹಿಂದಕ್ಕೆ ಕರೆಯಲಾಗದು. 2024ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಎಂಬ ಯೋಜನೆಯನ್ನು ಪ್ರಕಟಿಸಿತು. ಗಣಕವೇ ಕೆಲವು ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರವನ್ನು ತೆಗೆದಿಡುವ ಯೋಜನೆ ಅದು. ವ್ಯಾಪಕ ಟೀಕೆ ಬಂದು, ಬಳಕೆದಾರರು ಒಪ್ಪಿದರೆ ಮಾತ್ರ ಎಂಬ ಷರತ್ತಿನೊಡನೆ ಅದು 2025ರಲ್ಲಿ ಹೊರಬಂದಿತು. ಒಂದು ಪರದೆಯನ್ನು ಉಳಿಸಲು ಕತ್ತಲಕೋಣೆಯಲ್ಲಿ ಕ್ಯಾಮೆರಾ ಹಿಡಿದು ಕಾದ ಕಾಲದಿಂದ, ಎಲ್ಲವನ್ನೂ ಕೇಳದೆಯೇ ಉಳಿಸುವ ಯಂತ್ರವನ್ನು ತಡೆದು ನಿಲ್ಲಿಸಬೇಕಾದ ಕಾಲದವರೆಗೆ ಅರವತ್ತು ವರ್ಷಗಳ ಪಯಣ ಇದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಯಾವುದೇ ಪರದೆಯ ಚಿತ್ರ ಕೈಗೆ ಬಂದಾಗ ಶಾಸನಕ್ಕೆ ಕೇಳುವ ಪ್ರಶ್ನೆಗಳನ್ನೇ ಕೇಳಿ: ಯಾರು ತೆಗೆದದ್ದು, ಯಾವಾಗ, ಯಾವುದರದ್ದು, ಅಂಚಿನಾಚೆ ಏನಿತ್ತು? ನೀವೇ ತೆಗೆಯುವಾಗ ವಿಳಾಸಪಟ್ಟಿಯೂ ದಿನಾಂಕವೂ ಕಾಣುವಂತೆ ತೆಗೆಯಿರಿ. ಪುಟ ಉದ್ದವಾಗಿದ್ದರೆ ಒಂದಕ್ಕೆ ನಿಲ್ಲಿಸದೆ, ಒಂದರ ಕೊನೆಯ ಸಾಲು ಮುಂದಿನದರ ಮೊದಲಲ್ಲಿ ಬರುವಂತೆ ಕೊನೆಯವರೆಗೂ ತೆಗೆಯಿರಿ. ಕಡತಕ್ಕೆ ಅರ್ಥವಾಗುವ ಹೆಸರು ಕೊಡಿ. ಎರಡು ಕಡೆ ಇಡಿ. ಬೇರೆಯವರ ಹೆಸರು, ಫೋನ್ ಸಂಖ್ಯೆಗಳಿದ್ದರೆ ಅವರನ್ನು ಕೇಳದೆ ಹಂಚಬೇಡಿ.

ಕೊನೆಗೊಂದು ವಿನಂತಿ. ಪರೀಕ್ಷೆಯ ಶುಲ್ಕದ ಆ ಏಳನೆಯ ಬರಹವನ್ನು ಬರೆದವನು ಇಲ್ಲವೇ ಬರೆದವಳು ಇದನ್ನು ಓದುತ್ತಿದ್ದರೆ, ಉಳಿದ ಮಾತನ್ನು ದಯವಿಟ್ಟು ಬರೆದು ಕಳುಹಿಸಬೇಕು. ನಿಮ್ಮ ಹಳೆಯ ಗಣಕಗಳಲ್ಲಿ ಆ ಪುಟದ ಬೇರೆ ಚಿತ್ರಗಳಿದ್ದರೂ ಹುಡುಕಿ ನೋಡಿ. ಕೇಳುವವರಿಗೆ ಈಗ ಎಂಬತ್ತೆರಡು ವರ್ಷ.

ಇಂತು ನಿಮ್ಮ,
ಸಮಾಜವಿಜ್ಞಾನದ ಮೇಷ್ಟ್ರು